ಧಾರ್ಮಿಕ ಭಯೋತ್ಪಾದನೆ ಮತ್ತು ನೆರೆಯವನ ಪ್ರಶ್ನೆ



ದೇವರ ಹೆಸರನ್ನು ಮುಂದಿಟ್ಟುಕೊಂಡು ನಿರಾಯುಧರನ್ನು ಕೊಂದು, ಆ ಕೊಲೆಯ ಮೂಲಕ ಬದುಕುಳಿದವರ ಮನಸ್ಸನ್ನು ಆಳಲು ಹವಣಿಸುವ ಹಿಂಸೆಗೆ ಧಾರ್ಮಿಕ ಭಯೋತ್ಪಾದನೆ ಎಂದು ಹೆಸರು. ಈ ವ್ಯಾಖ್ಯೆಯ ಎರಡನೆಯ ಭಾಗವೇ ಮುಖ್ಯವಾದದ್ದು, ಏಕೆಂದರೆ ಸಾಯುವವರಿಗಿಂತ ನೋಡುವವರೇ ಇಂಥ ಹಿಂಸೆಯ ನಿಜವಾದ ಗುರಿ. ಆದ್ದರಿಂದ ಕ್ರೈಸ್ತರು ಹೇಗೆ ಪ್ರತಿಕ್ರಿಯಿಸಬೇಕೆಂಬ ವಿಚಾರವು ಕೊಂದವನಿಗೆ ಏನಾಗಬೇಕು ಎಂಬಲ್ಲಿಗೇ ನಿಂತರೆ ಅರ್ಧ ಉತ್ತರವಷ್ಟೇ ದೊರೆಯುತ್ತದೆ. ಕೊಂದವನ ಧರ್ಮವನ್ನೇ ಆಚರಿಸುತ್ತ ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ನೆರೆಯವನೊಂದಿಗೆ ಮರುದಿನ ಬೆಳಿಗ್ಗೆ ಹೇಗೆ ನಡೆದುಕೊಳ್ಳಬೇಕು ಎಂಬುದೇ ಹೆಚ್ಚು ಕಠಿಣವಾದ ಪ್ರಶ್ನೆ, ಮತ್ತು ಸಭಾಪಾಲಕರಾಗಲಿರುವವರು ಆ ವಾರದ ಪ್ರಸಂಗದಲ್ಲಿ ಎದುರಿಸಬೇಕಾಗುವುದೂ ಅದನ್ನೇ.

ಕರ್ನಾಟಕದ ಸಭೆಗಳಿಗೆ ಇದು ದೂರದ ಮಾತಲ್ಲ. 2000ದ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ವಾಡಿ, ಹುಬ್ಬಳ್ಳಿ ಮತ್ತು ಬೆಂಗಳೂರಿನ ಚರ್ಚುಗಳಲ್ಲಿ ಬಾಂಬುಗಳು ಸಿಡಿದವು. ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಎಳೆಯ ಮಕ್ಕಳನ್ನೂ ಒಡಿಶಾದ ಮನೋಹರಪುರದಲ್ಲಿ ಸುಟ್ಟು ಕೊಂದು ಆಗಿನ್ನೂ ಒಂದೂವರೆ ವರ್ಷವಾಗಿತ್ತಷ್ಟೇ. ಸಂಶಯ ಸಹಜವಾಗಿಯೇ ಮೊದಲು ಹಿಂದೂ ಸಂಘಟನೆಗಳ ಕಡೆಗೆ ತಿರುಗಿತು. ಆದರೆ ಬೆಂಗಳೂರಿನಲ್ಲಿ ಸ್ಫೋಟಕ ಸಾಗಿಸುತ್ತಿದ್ದ ವ್ಯಾನೊಂದು ದಾರಿಯಲ್ಲೇ ಸಿಡಿದ ಮೇಲೆ ತನಿಖೆಯ ಜಾಡು ದೀನ್‌ದಾರ್ ಅಂಜುಮನ್ ಎಂಬ, ಇಸ್ಲಾಂ ಮೂಲದ ಸಂಘಟನೆಯ ಸದಸ್ಯರತ್ತ ಹೊರಳಿತು. ಹಿಂದೂಗಳಿಗೂ ಕ್ರೈಸ್ತರಿಗೂ ನಡುವೆ ವೈರ ಹಚ್ಚುವುದೇ ಸಂಚಿನ ಉದ್ದೇಶವಾಗಿತ್ತೆಂದು ಸರ್ಕಾರದ ಪರವಾಗಿ ನ್ಯಾಯಾಲಯದಲ್ಲಿ ವಾದಿಸಲಾಯಿತು. ಮೊದಲ ವಾರಗಳ ಆ ಸಂಶಯವನ್ನೇ ಸತ್ಯವೆಂದು ಯಾವುದಾದರೂ ಪೀಠದಿಂದ ಸಾರಿದ್ದರೆ, ಬಾಂಬು ಇಟ್ಟವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಪ್ರಸಂಗಿಯೇ ಮುಗಿಸಿಕೊಟ್ಟಂತಾಗುತ್ತಿತ್ತು.

ಕ್ರೈಸ್ತ ದೈವಶಾಸ್ತ್ರವು ಈ ಸಮಸ್ಯೆಯನ್ನು ಗಂಭೀರವಾಗಿ ಎದುರಿಸಿದ್ದು ಇಸ್ಲಾಂ ಹುಟ್ಟುವುದಕ್ಕೆ ಎರಡು ಶತಮಾನ ಮೊದಲು, ಉತ್ತರ ಆಫ್ರಿಕದಲ್ಲಿ; ಅಲ್ಲಿ ಭಯ ಹುಟ್ಟಿಸಿದವರು ಕ್ರೈಸ್ತರೇ ಆಗಿದ್ದರು. ರೋಮ್ ಸಮ್ರಾಟ ಡಯೋಕ್ಲಿಷಿಯನ್ನನ ಕಾಲದ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಬಿಷಪರ ಸಂಸ್ಕಾರಗಳು ಸಲ್ಲುವುದಿಲ್ಲವೆಂದು ವಾದಿಸಿ ಬೇರೆಯಾದ ಪಂಗಡದವರನ್ನು, ಅವರ ನಾಯಕ ಡೊನಾಟಸ್ಸನ ಹೆಸರಿನಿಂದ, ಡೊನಾಟಿಸ್ಟರೆಂದು ಕರೆಯುತ್ತಾರೆ. ಈ ಪಂಗಡದ ಅಂಚಿನಲ್ಲಿ ಸರ್ಕಮ್‌ಸೆಲಿಯೋನರೆಂಬ ಅಲೆಮಾರಿ ತಂಡಗಳು ಬೆಳೆದವು. ದೊಣ್ಣೆಗಳಿಗೆ ಇಸ್ರಾಯೇಲ್ ಎಂದು ಹೆಸರಿಟ್ಟು, ದೇವರಿಗೆ ಸ್ತೋತ್ರ ಎಂಬ ಘೋಷ ಹಾಕುತ್ತ, ಎದುರು ಪಕ್ಷದ ಪಾದ್ರಿಗಳ ಮೇಲೆ ಎರಗಿ ಅವರ ಕಣ್ಣಿಗೆ ಸುಣ್ಣ ಮತ್ತು ವಿನೆಗರ್ ಎರಚುತ್ತಿದ್ದರೆಂದು ಆ ಕಾಲದ ಬರಹಗಳು ಹೇಳುತ್ತವೆ. ಬರೆದವರು ಎದುರಾಳಿಗಳೇ ಆದ್ದರಿಂದ ಕೊಂಚ ಎಚ್ಚರದಿಂದ ಓದಬೇಕಾದ ವರ್ಣನೆಗಳಿವು. ದೇವರನ್ನು ಸ್ತುತಿಸುವ ಪದವೇ ಕೇಳಿದವರ ಎದೆ ನಡುಗಿಸುವ ಪದವಾಗುವುದು ಒಂದು ಧರ್ಮದ ಸ್ವತ್ತಲ್ಲ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಹಿಪ್ಪೋ ಪಟ್ಟಣದ, ಎಂದರೆ ಇಂದಿನ ಅಲ್ಜೀರಿಯದ ಅನ್ನಾಬಾದ, ಬಿಷಪರಾಗಿದ್ದ ಸಂತ ಅಗಸ್ಟೀನರೇ ಒಮ್ಮೆ ಸರ್ಕಮ್‌ಸೆಲಿಯೋನರ ಹೊಂಚಿನಿಂದ ಪಾರಾದರು. ದಾರಿ ತೋರುವವನು ದಾರಿ ತಪ್ಪಿದ್ದೇ ಅದಕ್ಕೆ ಕಾರಣವೆಂದು ಅವರ ಚರಿತ್ರೆ ಬರೆದ ಪೊಸ್ಸಿಡಿಯಸ್ ದಾಖಲಿಸಿದ್ದಾನೆ. ಮುಂದೆ ರೆಸ್ಟಿಟ್ಯೂಟಸ್ ಎಂಬ ಪಾದ್ರಿಯನ್ನು ಕೊಂದು, ಇನ್ನೊಬ್ಬ ಪಾದ್ರಿಯ ಕಣ್ಣು ಕಿತ್ತು ಬೆರಳು ಕತ್ತರಿಸಿದವರು ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡಾಗ, ಅಗಸ್ಟೀನರು 412ರ ಸುಮಾರಿಗೆ ನ್ಯಾಯಾಧಿಕಾರಿ ಮಾರ್ಸೆಲಿನಸ್ಸನಿಗೆ ಪತ್ರ ಬರೆದು, ದೇವಸೇವಕರ ನೋವಿಗೆ ಅದೇ ಬಗೆಯ ನೋವಿನಿಂದ ಸೇಡು ತೀರಿಸಬಾರದು, ಅಪರಾಧಿಗಳನ್ನು ಕೊಲ್ಲದೆ, ಅಂಗ ಕತ್ತರಿಸದೆ, ಪ್ರಯೋಜನವಾಗುವ ಯಾವುದಾದರೂ ದುಡಿಮೆಗೆ ಹಚ್ಚಬೇಕು ಎಂದು ಬೇಡಿಕೊಂಡರು. ತಮ್ಮವರನ್ನೇ ಕಳೆದುಕೊಂಡ ಬಿಷಪರು ಕೊಲೆಗಾರರ ಜೀವಕ್ಕಾಗಿ ಪ್ರಭುತ್ವದ ಮುಂದೆ ನಿಂತ ಈ ಪತ್ರ, ಭಯೋತ್ಪಾದನೆಯ ಬಗ್ಗೆ ಕ್ರೈಸ್ತರು ಬರೆದಿರುವುದರಲ್ಲೆಲ್ಲ ಬಹುಶಃ ಅತ್ಯಂತ ಧೀರವಾದದ್ದು. ತಪ್ಪೊಪ್ಪಿಗೆಗಾಗಿ ಕೈದಿಗಳನ್ನು ಬೆತ್ತದಿಂದ ಹೊಡೆದದ್ದನ್ನು ಅದೇ ಪತ್ರ ಸೌಮ್ಯ ಕ್ರಮವೆಂದು ಮೆಚ್ಚಿಕೊಳ್ಳುತ್ತದೆ ಎಂಬುದನ್ನೂ ಮರೆಮಾಚಬೇಕಾಗಿಲ್ಲ.

ಅದೇ ಅಗಸ್ಟೀನರು ಇದಕ್ಕೆ ಕೆಲವು ವರ್ಷ ಮೊದಲು ಇನ್ನೊಂದು ಬಾಗಿಲನ್ನೂ ತೆರೆದಿದ್ದರು. ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಔತಣದ ಯಜಮಾನನು ದಾರಿಹೋಕರನ್ನು ಬಲವಂತಮಾಡಿ ಕರೆತರಲು ಆಳಿಗೆ ಹೇಳುವ ಮಾತನ್ನು ಎತ್ತಿಕೊಂಡು, ಡೊನಾಟಿಸ್ಟರನ್ನು ರಾಜಶಾಸನದ ಒತ್ತಾಯದಿಂದ ಸಭೆಗೆ ಮರಳಿಸುವುದು ಸರಿಯೆಂದು ಅವರು 408ರ ಸುಮಾರಿನ ಪತ್ರವೊಂದರಲ್ಲಿ ವಾದಿಸಿದರು. ಅವರ ಮನಸ್ಸಿನಲ್ಲಿದ್ದದ್ದು ದಂಡ, ಗಡಿಪಾರುಗಳಷ್ಟೇ ಇರಬಹುದು. ಆದರೆ ಮುಂದಿನ ಶತಮಾನಗಳು ಅಷ್ಟಕ್ಕೆ ನಿಲ್ಲಲಿಲ್ಲ. 1096ರಲ್ಲಿ ಶಿಲುಬೆ ಯುದ್ಧಕ್ಕೆ ಹೊರಟ ತಂಡಗಳು ವರ್ಮ್ಸ್ ಮತ್ತು ಮೈನ್ಸ್ ಪಟ್ಟಣಗಳ ಯೆಹೂದ್ಯರನ್ನು ಕೊಂದವು. 1994ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪಾಲ್ ಹಿಲ್ ಎಂಬ ಮಾಜಿ ಪ್ರೆಸ್‌ಬಿಟೇರಿಯನ್ ಪಾದ್ರಿ, ಗರ್ಭಪಾತ ಮಾಡುತ್ತಿದ್ದ ವೈದ್ಯರನ್ನು ಗುಂಡಿಟ್ಟು ಕೊಂದು, ಅದನ್ನು ದೇವರ ಆಜ್ಞೆಯ ಪಾಲನೆಯೆಂದು ಕೊನೆಯವರೆಗೂ ಸಮರ್ಥಿಸಿಕೊಂಡ. ಇಂಥವರು ನಿಜವಾದ ಕ್ರೈಸ್ತರಲ್ಲ ಎಂದು ಕ್ರೈಸ್ತರು ಥಟ್ಟನೆ ಹೇಳಿಬಿಡುತ್ತಾರೆ. ಆ ಮಾತು ತಮಗೆ ಸಲ್ಲುವುದಾದರೆ, ಮುಸ್ಲಿಮರೋ ಹಿಂದೂಗಳೋ ತಮ್ಮ ಕೊಲೆಗಾರರ ಬಗ್ಗೆ ಹೇಳುವ ಅಂಥದೇ ಮಾತನ್ನು ನುಣುಚಿಕೊಳ್ಳುವ ನೆಪವೆಂದು ತಳ್ಳಿಹಾಕುವ ಹಕ್ಕು ಅವರಿಗೆ ಉಳಿಯುವುದಿಲ್ಲ.

ಕೊಂದವನ ವಿಚಾರಕ್ಕೆ ಬಂದರೆ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಕೊನೆಯನ್ನೂ 13ರ ಆರಂಭವನ್ನೂ ಒಟ್ಟಿಗೆ ಓದಬೇಕಾಗುತ್ತದೆ. ಅಧ್ಯಾಯಗಳ ವಿಭಜನೆ 13ನೆಯ ಶತಮಾನದ್ದು, ಪೌಲನದ್ದಲ್ಲ. ಸೇಡನ್ನು ದೇವರಿಗೆ ಬಿಟ್ಟುಕೊಡಬೇಕೆನ್ನುವ ಲೇಖನಿಯೇ, ಕೆಡುಕನ್ನು ದಂಡಿಸುವ ಖಡ್ಗ ಆಳುವವರ ಕೈಯಲ್ಲಿದೆ ಎಂದೂ ಮುಂದುವರಿಸುತ್ತದೆ. ಆದ್ದರಿಂದ ಕ್ಷಮೆಯೆಂದರೆ ನ್ಯಾಯವನ್ನು ಕೈಬಿಡುವುದೆಂದು ಅರ್ಥಮಾಡುವ ಪ್ರಸಂಗಗಳು ಅರ್ಧ ಪೌಲನನ್ನಷ್ಟೇ ಓದಿರುತ್ತವೆ. ಗ್ಲಾಡಿಸ್ ಸ್ಟೇನ್ಸ್ ಗಂಡನನ್ನೂ ಮಕ್ಕಳನ್ನೂ ಕೊಂದವರನ್ನು ಕ್ಷಮಿಸಿದರು, ಆದರೆ ಕಾನೂನು ತನ್ನ ಕೆಲಸ ಮಾಡುವುದು ಬೇರೆ ಮಾತೆಂಬ ನಿಲುವನ್ನೂ ಬಿಡಲಿಲ್ಲ. ಬಾರಿಪದಾದ ಕುಷ್ಠರೋಗಿಗಳ ಆಶ್ರಮದಲ್ಲಿ ವರ್ಷಗಟ್ಟಲೆ ಸೇವೆ ಮುಂದುವರಿಸಿದ ಅವರಿಗೆ ಭಾರತ ಸರ್ಕಾರ 2005ರಲ್ಲಿ ಪದ್ಮಶ್ರೀ ನೀಡಿತು.

ಶ್ರೀಲಂಕಾದ ಸಭೆಯ ದಾರಿ ಇನ್ನೂ ತೊಡಕಿನದಾಗಿತ್ತು. 2019ರ ಏಪ್ರಿಲ್ 21ರ ಈಸ್ಟರ್ ಬೆಳಿಗ್ಗೆ ಕೊಲಂಬೊ, ನೆಗೊಂಬೊ ಮತ್ತು ಬಟ್ಟಿಕಲೋವಾದ ಚರ್ಚುಗಳಲ್ಲೂ ಕೊಲಂಬೊದ ಹೋಟೆಲುಗಳಲ್ಲೂ ಇಸ್ಲಾಮೀ ಉಗ್ರರ ಆತ್ಮಾಹುತಿ ದಾಳಿಗಳು ನಡೆದು 250ಕ್ಕೂ ಹೆಚ್ಚು ಜನ ಸತ್ತರು. ಲೋಕಸಭಾ ಚುನಾವಣೆಯ ಮತದಾನ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದ ಪಕ್ಷ ಕಾರ್ಯಕರ್ತರೂ ಅವರಲ್ಲಿದ್ದರು. ಮೇ ತಿಂಗಳಲ್ಲಿ ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ದಾಳಿ ಶುರುವಾದಾಗ ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರು ಮುಸ್ಲಿಮರ ಮೇಲೆ ಯಾರೂ ಕೈ ಎತ್ತಬಾರದೆಂದು ತಮ್ಮ ಜನರನ್ನು ಕೇಳಿಕೊಂಡರು. ಅಲ್ಲಿಗೆ ಸುಮ್ಮನಾಗಲೂ ಇಲ್ಲ: ಮುನ್ಸೂಚನೆ ಇದ್ದೂ ದಾಳಿಯನ್ನು ತಡೆಯದವರು ಯಾರೆಂಬ ಪ್ರಶ್ನೆಯನ್ನು ಅವರು ವರ್ಷಗಳ ಕಾಲ ಸರ್ಕಾರದ ಮುಂದಿಡುತ್ತಲೇ ಬಂದರು. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ನೆರೆಯವನ ಮುಂದೆ ತಾಳ್ಮೆ, ಅಧಿಕಾರದ ಮುಂದೆ ಹಟ. ಭಾರತದ ಸಭೆಗಳಲ್ಲಿ ಹಲವೊಮ್ಮೆ ಇದು ತಿರುಗುಮುರುಗಾಗಿ ಕಾಣುತ್ತದೆ.

ಅಗಸ್ಟೀನರ ನೆಲದಲ್ಲೇ ಈ ಪ್ರಶ್ನೆ ಇಪ್ಪತ್ತನೆಯ ಶತಮಾನದ ಕೊನೆಗೆ ಮತ್ತೆ ಎದ್ದಿತು. 1992ರ ಜನವರಿಯಲ್ಲಿ ಚುನಾವಣೆ ರದ್ದಾದ ಮೇಲೆ ಅಲ್ಜೀರಿಯದಲ್ಲಿ ಸೈನ್ಯಕ್ಕೂ ಇಸ್ಲಾಮೀ ಬಂಡುಕೋರರಿಗೂ ನಡುವೆ ಹೊತ್ತಿದ ಅಂತರ್ಯುದ್ಧದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು, ಮತ್ತು ಅವರಲ್ಲಿ ಬಹುಪಾಲು ಮುಸ್ಲಿಮರೇ. ಅಟ್ಲಾಸ್ ಬೆಟ್ಟಗಳ ತಿಬಿರಿನ್ ಹಳ್ಳಿಯಲ್ಲಿ ಮೌನ ಮತ್ತು ದುಡಿಮೆಯ ಕಟ್ಟುನಿಟ್ಟಿನ ನೇಮಕ್ಕೆ ಹೆಸರಾದ ಟ್ರಾಪಿಸ್ಟ್ ಸಂನ್ಯಾಸಿಗಳ ಸಣ್ಣ ಮಠವೊಂದಿತ್ತು. ಅಲ್ಲಿನ ವೈದ್ಯ ಲೂಕ್ ಎಂಬ ಸಹೋದರರು 1946ರಿಂದ, ಬಂದವರು ಯಾರೆಂದು ಕೇಳದೆ ಔಷಧಿ ಕೊಡುತ್ತಿದ್ದರು. 1993ರ ಡಿಸೆಂಬರಿನಲ್ಲಿ ಹತ್ತಿರದಲ್ಲೇ ಕ್ರೊಯೇಷಿಯದ 12 ಕಾರ್ಮಿಕರ ಕೊಲೆಯಾಯಿತು. ಕ್ರಿಸ್ಮಸ್ ಹಿಂದಿನ ರಾತ್ರಿ ಆ ಕೊಲೆಗಳ ಹಿಂದಿದ್ದ ತಂಡದ ನಾಯಕನೇ ಬಂದೂಕು ಹಿಡಿದು ಮಠಕ್ಕೆ ಬಂದ. ಮಠಾಧಿಪತಿ ಕ್ರಿಸ್ತಿಯಾನ್ ದ ಶೆರ್ಜೆ ಆಯುಧಗಳೊಂದಿಗೆ ಒಳಗೆ ಮಾತುಕತೆ ಸಾಧ್ಯವಿಲ್ಲವೆಂದರು, ವೈದ್ಯರನ್ನು ಬೆಟ್ಟಕ್ಕೆ ಕಳುಹಿಸಲು ಒಪ್ಪಲಿಲ್ಲ, ಗಾಯಾಳುಗಳು ಚಿಕಿತ್ಸಾಲಯಕ್ಕೆ ಬಂದರೆ ನೋಡುತ್ತೇವೆಂದರು. ಸೈನ್ಯ ಒಡ್ಡಿದ ಕಾವಲನ್ನೂ ಮಠ ನಿರಾಕರಿಸಿತು.

ಅದಾದ ಕೆಲವೇ ದಿನಗಳಿಗೆ, 1994ರ ಜನವರಿ 1ರಂದು, ಶೆರ್ಜೆ ಬರೆದು ಮುಗಿಸಿದ ಮರಣಶಾಸನ ದೈವಶಾಸ್ತ್ರದ ಪದವೀಧರರು ಹಲವು ಬಾರಿ ಓದಬೇಕಾದ ಬರಹ. ತಾವು ಕೊಲೆಯಾದರೆ ಆ ಸಾವನ್ನು ಅಲ್ಜೀರಿಯದ ಜನರ ಮೇಲೋ ಇಸ್ಲಾಮಿನ ಮೇಲೋ ಹೊರಿಸಬಾರದೆಂದು ಅದರಲ್ಲಿ ಕೇಳಿಕೊಳ್ಳುವ ಅವರು, ಲೋಕದ ಕೆಡುಕಿನಲ್ಲಿ ತಮಗೂ ಪಾಲಿದೆಯೆಂದು ಒಪ್ಪಿಕೊಳ್ಳುತ್ತಾರೆ. ಅದಕ್ಕಿಂತ ಅಚ್ಚರಿಯ ಮಾತೆಂದರೆ, ಅಂಥ ಮರಣವನ್ನು ತಾವು ಬಯಸುವುದಿಲ್ಲವೆಂದು ಅವರು ಹೇಳುವುದು. ರಕ್ತಸಾಕ್ಷಿಯ ಪದವಿ ಎಷ್ಟೇ ದೊಡ್ಡದಾದರೂ, ಅದಕ್ಕಾಗಿ ಒಬ್ಬ ಅಲ್ಜೀರಿಯನ್ ಕೊಲೆಯ ಪಾಪ ಹೊರುವುದಾದರೆ ಆ ಬೆಲೆ ತೀರ ಹೆಚ್ಚೆಂದು ಅವರ ತರ್ಕ. ಹುತಾತ್ಮತೆಯನ್ನು ಕೊಲೆಗಾರನ ಆತ್ಮದ ದೃಷ್ಟಿಯಿಂದ ಅಳೆದ ಬರಹಗಳು ಕ್ರೈಸ್ತ ಪರಂಪರೆಯಲ್ಲಿ ಹೆಚ್ಚಿಲ್ಲ. ಭಯೋತ್ಪಾದಕನು ತನ್ನ ಸಾವನ್ನೇ ಹುತಾತ್ಮತೆಯೆಂದು ಹಾಡಿ ಹೊಗಳಿಸಿಕೊಳ್ಳುವ ಕಾಲದಲ್ಲಿ ಈ ಅಳತೆಗೆ ವಿಶೇಷ ಬೆಲೆಯಿದೆ.

1996ರ ಮಾರ್ಚಿನಲ್ಲಿ ಏಳು ಸಂನ್ಯಾಸಿಗಳ ಅಪಹರಣವಾಯಿತು, ಮೇ ತಿಂಗಳಲ್ಲಿ ಅವರ ಶಿರಗಳು ಸಿಕ್ಕವು. ಸಶಸ್ತ್ರ ಇಸ್ಲಾಮೀ ಗುಂಪು ಹೊಣೆ ಹೊತ್ತುಕೊಂಡರೂ ಕೊಂದವರು ಯಾರೆಂಬುದರ ಬಗ್ಗೆ ವಿವಾದ ಇಂದಿಗೂ ಮುಗಿದಿಲ್ಲ. ಸಂನ್ಯಾಸಿಗಳದ್ದು ಮುಗ್ಧತನವೆಂದು ಟೀಕಿಸುವವರು ಉಂಟು. ಮಕ್ಕಳೊಂದಿಗರಾದ ಗೃಹಸ್ಥರಿಗೆ ಅವರ ದಾರಿಯನ್ನು ವಿಧಿಸಲಾಗದು, ಕಾವಲು ಬೇಡುವ ಸಭೆಯನ್ನು ವಿಶ್ವಾಸಹೀನವೆನ್ನಲೂ ಆಗದು. ಆದರೆ ಶೆರ್ಜೆಯವರ ನಿಲುವು ಅನುಭವವಿಲ್ಲದವರ ಕನಸಾಗಿರಲಿಲ್ಲ. ಅಲ್ಜೀರಿಯದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಅಲ್ಲಿ ಫ್ರೆಂಚ್ ಸೈನ್ಯಾಧಿಕಾರಿಯಾಗಿದ್ದ ಅವರನ್ನು ಮಹಮ್ಮದ್ ಎಂಬ ಮುಸ್ಲಿಮ್ ಗ್ರಾಮರಕ್ಷಕ ಗಲಭೆಯೊಂದರಲ್ಲಿ ರಕ್ಷಿಸಿದ್ದ, ಮತ್ತು ಅದರ ಫಲವಾಗಿ ಕೊಲೆಯಾಗಿದ್ದ. ತಮಗಾಗಿ ಪ್ರಾಣ ಕೊಟ್ಟವನು ಮುಸ್ಲಿಮನೆಂಬ ಅರಿವು ಅವರ ದೈವಶಾಸ್ತ್ರದ ಅಡಿಪಾಯವಾಗಿತ್ತು.

1996ರ ಆಗಸ್ಟ್ 1ರಂದು, ಹಿಂಸೆಯನ್ನು ಬಹಿರಂಗವಾಗಿ ಖಂಡಿಸುತ್ತಿದ್ದ ಒರಾನ್ ನಗರದ ಬಿಷಪ್ ಪಿಯೆರ್ ಕ್ಲಾವೆರಿ ತಮ್ಮ ನಿವಾಸದ ಬಾಗಿಲಲ್ಲೇ ಬಾಂಬಿಗೆ ಬಲಿಯಾದರು. ಅವರೊಂದಿಗೆ ಸತ್ತ ಕಾರಿನ ಚಾಲಕ ಮಹಮ್ಮದ್ ಬುಶಿಖಿ ಅಪಾಯ ತಿಳಿದೂ ಅವರ ಜೊತೆ ಬಿಡದ ಮುಸ್ಲಿಮ್ ಯುವಕ. 2018ರ ಡಿಸೆಂಬರ್ 8ರಂದು ಒರಾನಿನಲ್ಲಿ ಕ್ಲಾವೆರಿ, ತಿಬಿರಿನ್‌ನ ಸಂನ್ಯಾಸಿಗಳು ಮತ್ತು ಇತರರು ಸೇರಿ 19 ಮಂದಿಯನ್ನು ಕಥೋಲಿಕ ಧರ್ಮಸಭೆ ಪುನೀತರೆಂದು, ಎಂದರೆ ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ ಏರಿದವರೆಂದು, ಘೋಷಿಸಿತು. ಸಭೆಯ ನಿಯಮದಂತೆ ಬುಶಿಖಿಯ ಹೆಸರು ಆ ಪಟ್ಟಿಯಲ್ಲಿ ಇರಲು ಸಾಧ್ಯವಿರಲಿಲ್ಲ. ಹಿಂಸೆಗೆ ಧರ್ಮದ ಸಮ್ಮತಿ ಕೊಡಲೊಲ್ಲದೆ ಆ ವರ್ಷಗಳಲ್ಲಿ ಕೊಲೆಯಾದ ನೂರಕ್ಕೂ ಹೆಚ್ಚು ಇಮಾಮರ ಹೆಸರುಗಳೂ ಅದರಲ್ಲಿಲ್ಲ. ಕ್ರಿಸ್ತನ ಹೆಸರನ್ನು ಹೇಳದೆ, ಆದರೆ ಕ್ರೈಸ್ತನೊಬ್ಬನ ಪಕ್ಕದಲ್ಲಿ ನಿಂತು, ಅದೇ ಬಾಂಬಿಗೆ ಪ್ರಾಣ ಕೊಟ್ಟವನನ್ನು ಸಭೆಯು ತನ್ನ ಆರಾಧನೆಯಲ್ಲಿ ಯಾವ ಪದದಿಂದ ಸ್ಮರಿಸಬೇಕು ಎಂಬುದನ್ನು ದೈವಶಾಸ್ತ್ರ ಇನ್ನೂ ಇತ್ಯರ್ಥಪಡಿಸಿಲ್ಲ. ಇಂದು ದೈವಶಾಸ್ತ್ರದ ಪದವಿ ಪಡೆಯುತ್ತಿರುವವರಲ್ಲಿ ಯಾರಾದರೂ ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ ಅವರ ಮುಂದೆ ಇದು ತೆರೆದೇ ಇದೆ.