ವಿದ್ಯೆಯ ಎರಡು ಬಾಗಿಲುಗಳು



ಇಂಗ್ಲೆಂಡಿನಲ್ಲಿ ೧೯೪೪ರ ಶಾಸನವು ಸರಕಾರಿ ಮಾಧ್ಯಮಿಕ ಶಿಕ್ಷಣವನ್ನು ಸರ್ವರಿಗೂ ಶುಲ್ಕರಹಿತವಾಗಿ ಮಾಡಿತು. ಆದರೆ ಬಹುತೇಕ ಕಡೆಗಳಲ್ಲಿ ಹನ್ನೊಂದು ವರ್ಷದ ಮಕ್ಕಳಿಗೆ ಪರೀಕ್ಷೆಯನ್ನಿಟ್ಟು, ತೇರ್ಗಡೆಯಾದ ಕೆಲವರನ್ನು ವಿಶ್ವವಿದ್ಯಾಲಯದ ದಾರಿಯಾದ ಗ್ರಾಮರ್ ಶಾಲೆಗೂ, ಉಳಿದ ಬಹುಪಾಲು ಮಕ್ಕಳನ್ನು ದುಡಿಮೆಗೆ ಅಣಿಗೊಳಿಸುವ ಸೆಕೆಂಡರಿ ಮಾಡರ್ನ್ ಶಾಲೆಗೂ ಕಳುಹಿದರು. ಎರಡಕ್ಕೂ ಸಮಾನ ಗೌರವವೆಂದು ಸಾರಿದರು. ಆದರೆ ಕೂಲಿಕಾರರ ಮಕ್ಕಳು ಹೆಚ್ಚಾಗಿ ಎರಡನೆಯ ಬಾಗಿಲಲ್ಲೇ ಉಳಿದರು. ಕಡೆಗೆ ೧೯೬೫ರಲ್ಲಿ ಈ ವಿಂಗಡಣೆಯನ್ನು ಕೈಬಿಡಿರೆಂದು ಸರಕಾರವೇ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು.

ಕೈಗೆಲಸವು ಹೀನವೆಂದು ನಾವು ಹೇಳುತ್ತಿಲ್ಲ. ಆದರೆ ಅದರ ಹಿರಿಮೆಯನ್ನು ಹೊಗಳುವ ವಕೀಲರೂ ಉಪಾಧ್ಯಾಯರೂ ಆದ ನಾವು, ನಮ್ಮ ಮಕ್ಕಳನ್ನು ಆ ಶಾಲೆಗೆ ಕಳುಹಬಲ್ಲೆವೇ? ಕಳುಹಲಾರೆವಾದರೆ, ಬಡವನ ಮಗುವಿಗೆ ಅದನ್ನೇ ವಿಧಿಸುವ ಅಧಿಕಾರವು ನಮಗೆಲ್ಲಿಯದು?