ಅರಗಿನ ಬಣ್ಣ, ಮರದ ಆಟಿಕೆ



ಹಸುಗೂಸಿನ ಕೈಗೆ ಗಿಲಕಿ ಕೊಟ್ಟರೆ ಅದು ಮೊದಲು ಹೋಗುವುದು ಬಾಯಿಗೆ. ಆದ್ದರಿಂದ ಆಟಿಕೆಯ ಬಣ್ಣ ಅಲಂಕಾರದಷ್ಟೇ ಆರೋಗ್ಯಕ್ಕೂ ಸಂಬಂಧಿಸಿದ ವಿಷಯ. ಚನ್ನಪಟ್ಟಣದ ಆಟಿಕೆಗಳಿಗೆ ಬಣ್ಣ ಹೇಗೆ ಕೂರುತ್ತದೆ ಎಂಬುದನ್ನು ಇಂದು ನೋಡೋಣ.

ಇಲ್ಲಿ ಹೆಚ್ಚಾಗಿ ಬಳಸುವುದು ಆಲೆ ಮರ. ಬಿಳುಪು ಬಣ್ಣದ, ಸಣ್ಣ ಎಳೆಯ ಈ ಮರ ಕಡೆಯಲು ಹದವಾಗಿರುತ್ತದೆ. ಮರವನ್ನು ಮೊದಲು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಹಸಿ ಮರ ಒಣಗುತ್ತಾ ಕುಗ್ಗಿ ಸೀಳುತ್ತದೆ. ಅದರೊಂದಿಗೆ ಮೇಲಿನ ಲೇಪವೂ ಬಿರಿಯುತ್ತದೆ.

ಲೇಪಕ್ಕೆ ಬೇಕಾದ ಅರಗನ್ನು ಮುತ್ತುಗ, ಬೋರೆಯಂಥ ಮರಗಳ ಮೇಲೆ ಬದುಕುವ ಪುಟ್ಟ ಕೀಟವೊಂದು ಸ್ರವಿಸುತ್ತದೆ. ಶುದ್ಧಗೊಳಿಸಿದ ಅರಗನ್ನು ಕಾಯಿಸಿ, ಬಣ್ಣ ಬೆರೆಸಿ ನಾದಿ ಕಡ್ಡಿಗಳನ್ನಾಗಿ ಮಾಡುತ್ತಾರೆ. ಲೇತ್ ಯಂತ್ರದಲ್ಲಿ ತಿರುಗುವ ಆಟಿಕೆಗೆ ಈ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯಿಂದ ಶಾಖ ಹುಟ್ಟುತ್ತದೆ. ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಒಣಗಿದ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಲೇಪ ಸಮನಾಗಿ ಹರಡಿ ಹೊಳಪು ಬರುತ್ತದೆ. ಕುಂಚವೂ ಬೇಡ, ಟರ್ಪೆಂಟೈನೂ ಬೇಡ.

ಶುದ್ಧ ಅರಗನ್ನು ಔಷಧದ ಗುಳಿಗೆಗಳಿಗೂ ಲೇಪಿಸುತ್ತಾರೆ. ಹಾಗಾದರೆ ಅಪಾಯ ಎಲ್ಲಿದೆ? ಅರಗಿನೊಳಗೆ ನಾದಿದ ಬಣ್ಣದಲ್ಲಿ. ಹಳದಿಗೆ ಅರಿಸಿನ ಬಳಸಬಹುದು. ನೀಲಿಗೆ ನೀಲಿ ಗಿಡದ ಬಣ್ಣ ಬಳಸಬಹುದು. ಆದರೆ ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಲೆಡ್ ಕ್ರೋಮೇಟ್ ಎಂಬ ರಾಸಾಯನಿಕದ ಹಳದಿ ಅಷ್ಟು ಬೇಗ ಮಾಸದು. ಅದರಲ್ಲಿರುವುದು ಸೀಸ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ.

ನಮ್ಮ ಕ್ಯಾಮೆರಾದ ಕಣ್ಣಿಗೆ ಈ ಎರಡೂ ಹಳದಿಗಳು ಒಂದೇ. ನಿಮ್ಮ ಕಣ್ಣಿಗೂ ಅಷ್ಟೇ. ಪ್ರಯೋಗಾಲಯದ ಪರೀಕ್ಷೆಯೊಂದೇ ನಿಜ ಹೇಳಬಲ್ಲದು.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ, ಭೌಗೋಳಿಕ ಸೂಚಕ ಪಡೆದವುಗಳಿಗೂ ವಿನಾಯಿತಿ ದೊರೆಯಿತು. ಸಣ್ಣ ಕಸುಬುದಾರರು ಉಳಿಯಲು ಇದು ಬೇಕಾಗಿತ್ತು. ಆದರೆ ಗುರುತಿನ ಕಡ್ಡಾಯ ಇಲ್ಲದ ಕಡೆ ತಯಾರಕನ ಪ್ರಾಮಾಣಿಕತೆಯ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ. ಕೊಳ್ಳುವವರು ಮಿರುಗುವ, ಮಾಸದ ಬಣ್ಣವನ್ನೇ ಕೇಳುತ್ತಾ, ಅದನ್ನೂ ಅಗ್ಗದ ಬೆಲೆಗೇ ಕೇಳಿದರೆ ಅರಿಸಿನ ಬಳಸುವವನು ಸೋಲುತ್ತಾನೆ.

ಮನೆಯಲ್ಲಿ ನೀವೇ ಒಂದು ಪ್ರಯೋಗ ಮಾಡಿ. ಬಿಳಿ ಕಾಗದಕ್ಕೆ ಅರಿಸಿನದ ನೀರು ಹಚ್ಚಿ ಒಣಗಿಸಿ, ಅರ್ಧ ಭಾಗವನ್ನು ಮುಚ್ಚಿ ಬಿಸಿಲಿನಲ್ಲಿಡಿ. ಕೆಲವು ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಅರಗಿನ ಆಟಿಕೆಯನ್ನು ಸೋಡಾ ನೀರಿನಲ್ಲಾಗಲಿ ಸ್ಪಿರಿಟ್‌ನಿಂದಾಗಲಿ ತೊಳೆಯಬೇಡಿ. ಅರಗು ಎರಡರಲ್ಲೂ ಕರಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮುಂದಿನ ಸಲ ಆಟಿಕೆ ಕೊಳ್ಳುವಾಗ, "ಇದಕ್ಕೆ ಹಾಕಿದ ಬಣ್ಣ ಯಾವುದು? ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿ. ಸ್ವಲ್ಪ ಮಾಸಿದ ಹಳದಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವೇನಿಲ್ಲ.