ಹಣ ಹೋದ ಮೊದಲ ಗಂಟೆ



ಕೋಲ್ಕತ್ತ ನಗರದ ನಡುಭಾಗದಲ್ಲಿರುವ ಎಸ್ಪ್ಲನೇಡ್ ಪ್ರದೇಶವನ್ನು ಅಲ್ಲಿನ ಜನ ಧರ್ಮತಲಾ ಎಂದೂ ಕರೆಯುತ್ತಾರೆ. ದೇಶದ ಮೊಟ್ಟಮೊದಲ ಮೆಟ್ರೊ ರೈಲು 1984ರ ಅಕ್ಟೋಬರ್ 24ರಂದು ಸಂಚಾರ ಆರಂಭಿಸಿದ್ದು ಎಸ್ಪ್ಲನೇಡ್ ಮತ್ತು ಭವಾನಿಪುರಗಳ ನಡುವೆ. ಹೂಗ್ಲಿ ನದಿಯ ತಳದಲ್ಲಿ ಹಾದು ಹೌರಾದಿಂದ ಬರುವ ಮಾರ್ಗವೂ 2024ರ ಮಾರ್ಚ್ ತಿಂಗಳಲ್ಲಿ ಇಲ್ಲಿಗೆ ಬಂದು ಸೇರಿತು. ಇಂಥ ಜನಜಂಗುಳಿಯಲ್ಲಿ ಕಿಸೆಗಳ್ಳರ ಬಗ್ಗೆ ಎಚ್ಚರವಿರಲಿ ಎಂದು ಹಿರಿಯರು ಹೇಳುವುದುಂಟು. ಆ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ಆದರೆ ಅದೊಂದೇ ಸಾಲದು. ಇಂದು ಹಣವಿರುವುದು ಮೊಬೈಲ್ ಫೋನಿನಲ್ಲಿ. ಅದನ್ನು ಕದಿಯುವವನು ಪಕ್ಕದಲ್ಲಿ ನಿಲ್ಲಬೇಕಾಗಿಯೇ ಇಲ್ಲ.

ಕರ್ನಾಟಕದಿಂದ ಬೇಲೂರು ಮಠ, ದಕ್ಷಿಣೇಶ್ವರಗಳ ದರ್ಶನಕ್ಕೆ ಹೊರಟ ಕುಟುಂಬವೊಂದು ಎಸ್ಪ್ಲನೇಡಿನಲ್ಲಿ ತಂಗಲು ಬಯಸಿದೆ ಎಂದಿಟ್ಟುಕೊಳ್ಳಿ. ಮನೆಯ ಯಜಮಾನರು ವಸತಿಗೃಹವೊಂದರ ಫೋನ್ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕುತ್ತಾರೆ. ಸಿಕ್ಕ ಸಂಖ್ಯೆ ವಸತಿಗೃಹದ್ದಲ್ಲ, ವಂಚಕನದು. ಮುಂಗಡ ಕಟ್ಟಿಸಿಕೊಂಡ ಆತ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಕರೆಮಾಡಿ, "ಕೊಠಡಿ ಖಾಲಿಯಿಲ್ಲ ಸಾರ್, ನಿಮ್ಮ ಹಣ ವಾಪಸು ಕೊಡುತ್ತೇವೆ. ನಾವು ಕಳಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾನೆ. ಯಜಮಾನರು ಒತ್ತುತ್ತಾರೆ. ಹಣ ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ.

ಇಲ್ಲಿ ನೆನಪಿಡತಕ್ಕ ನಿಯಮ ಒಂದೇ. 2016ರಲ್ಲಿ ಜಾರಿಗೆ ಬಂದ ಯುಪಿಐ ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಎಂದಿಗೂ ಬೇಕಾಗುವುದಿಲ್ಲ. ವ್ಯಕ್ತಿಯೊಬ್ಬರು ಮತ್ತೊಬ್ಬರಿಗೆ ಹಣದ ಕೋರಿಕೆ ಕಳುಹಿಸುವ ಸೌಲಭ್ಯವು ಮೋಸಕ್ಕೆ ದಾರಿಯಾದ ಕಾರಣ ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೆ ಕ್ಯೂಆರ್ ಕೋಡಿನ ಕಪಟ ನಿಂತಿಲ್ಲ.

ಇತರ ಮೋಸಗಳ ವೇಷ ಬೇರೆ, ಸ್ವಭಾವ ಒಂದೇ. "ಇಂದು ರಾತ್ರಿ ವಿದ್ಯುತ್ ಕಡಿತವಾಗುತ್ತದೆ", "ಕೆವೈಸಿ ಮಾಡದಿದ್ದರೆ ಖಾತೆ ಸ್ಥಗಿತವಾಗುತ್ತದೆ" ಎಂಬ ಸಂದೇಶಗಳು ಬರುತ್ತವೆ. ಮದುವೆಯ ಆಮಂತ್ರಣದ ಹೆಸರಿನಲ್ಲಿ ಬಂದ ಕಡತವನ್ನು ತೆರೆದರೆ ಫೋನಿನ ಹಿಡಿತವೇ ಪರರ ಪಾಲಾಗಬಹುದು. ಎಲ್ಲಕ್ಕಿಂತ ಕ್ರೂರವಾದುದು 'ಡಿಜಿಟಲ್ ಅರೆಸ್ಟ್' ಎಂಬ ನಾಟಕ. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಯಾರಿಗೂ ಹೇಳದೆ ಕ್ಯಾಮೆರಾ ಮುಂದೆ ಕುಳಿತಿರಿ ಎಂದು ಬೆದರಿಸುತ್ತಾನೆ. ಭಾರತದ ಯಾವ ಕಾನೂನಿನಲ್ಲೂ ಇಂಥ ಬಂಧನವಿಲ್ಲ. ಯಾವ ಪೊಲೀಸ್ ಅಧಿಕಾರಿಯೂ ಫೋನಿನಲ್ಲಿ ಹಣ ಕೇಳುವುದಿಲ್ಲ. ಅವಸರಪಡಿಸುವುದು, ಹೆದರಿಸುವುದು, ಮನೆಯವರಿಗೆ ಹೇಳಬೇಡಿ ಎನ್ನುವುದು—ಈ ಮೂರರಲ್ಲಿ ಒಂದು ಕಂಡರೂ ಕರೆಯನ್ನು ಕತ್ತರಿಸಬೇಕು.

ಇಷ್ಟೆಲ್ಲ ತಿಳಿದವರೂ ಒಮ್ಮೊಮ್ಮೆ ಮೋಸಹೋಗುತ್ತಾರೆ. ಆಗ ಹೆಚ್ಚಿನವರು ಮಾಡುವ ತಪ್ಪು ಸುಮ್ಮನಿರುವುದು. ಓದಿದವರಾಗಿ ಹೀಗೆ ಮಾಡಿಕೊಂಡೆವಲ್ಲ, ಮಕ್ಕಳು ಏನೆಂದಾರು ಎಂಬ ನಾಚಿಕೆಯಲ್ಲಿ ಒಂದು ದಿನ ಕಳೆಯುತ್ತದೆ. ವಂಚಕನಿಗೆ ಬೇಕಾದದ್ದು ಆ ಒಂದು ದಿನವೇ. ಕದ್ದ ಹಣ ಮೊದಲು ಬಾಡಿಗೆಗೆ ಪಡೆದ ಯಾರದೋ ಖಾತೆಗೆ ಹೋಗಿ, ಅಲ್ಲಿಂದ ಹಲವು ಖಾತೆಗಳಿಗೆ ಹಂಚಿಹೋಗಿ, ಕೊನೆಗೆ ನಗದಾಗಿ ಕೈಬಿಡುತ್ತದೆ.

ಆದ್ದರಿಂದ ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಬೇಕು. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ, ಬ್ಯಾಂಕಿನ ಹೆಸರು ಇವುಗಳನ್ನು ತಿಳಿಸಿದರೆ, 2021ರಲ್ಲಿ ಆರಂಭವಾದ ವ್ಯವಸ್ಥೆಯ ಮೂಲಕ ಆ ಮಾಹಿತಿ ಸಂಬಂಧಿಸಿದ ಬ್ಯಾಂಕಿಗೆ ತಲುಪುತ್ತದೆ. ಹಣ ಅಲ್ಲೇ ಇದ್ದರೆ ಅದನ್ನು ತಡೆಹಿಡಿಯಲಾಗುತ್ತದೆ. ಮುಂದೆ ಸಾಗಿದ್ದರೆ ಸೂಚನೆಯೂ ಮುಂದಿನ ಬ್ಯಾಂಕಿಗೆ ಸಾಗುತ್ತದೆ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರನ್ನು ಪೂರ್ಣಗೊಳಿಸಿ, ಸಂದೇಶಗಳನ್ನೂ ಪರದೆಯ ಚಿತ್ರಗಳನ್ನೂ ಅಳಿಸದೆ ಕಾಪಾಡಬೇಕು. ತಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಗ್ರಾಹಕರ ಅಜಾಗ್ರತೆಯಿಂದ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಹಣ ಹೋಗದೆ ಬರಿಯ ಅನುಮಾನದ ಕರೆ ಬಂದಿದ್ದರೆ ಸಂಚಾರ್ ಸಾಥಿ ತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು.

ಪರಊರಿನಲ್ಲಿ, ಭಾಷೆ ಬಾರದ ಕಡೆ ದೂರು ಕೊಡುವುದು ಹೇಗೆಂಬ ಅಳುಕು ಬೇಡ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಪೊಲೀಸ್ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ಎಸ್ಪ್ಲನೇಡಿನಲ್ಲಿ ಮೋಸಹೋದವರು ಸಮೀಪದ ಲಾಲ್‌ಬಜಾರಿನ ಪೊಲೀಸ್ ಕೇಂದ್ರ ಕಚೇರಿಗೆ ಹೋಗಬಹುದು. ಊರಿಗೆ ಮರಳಿದವರು ತಮ್ಮ ಊರಿನ ಠಾಣೆಯಲ್ಲಿಯೇ ದೂರಬಹುದು. ಆದರೆ 1930ಕ್ಕೆ ಕರೆಮಾಡಲು ಊರು ಮುಟ್ಟುವವರೆಗೆ ಕಾಯಬಾರದು.

ದೂರಿನಿಂದ ಏನು ಫಲ ಎಂದು ಕೇಳುವವರಿಗೆ ಕೋಲ್ಕತ್ತದಿಂದ ಸುಮಾರು 50 ಕಿಲೋಮೀಟರ್ ದೂರದ ಕಲ್ಯಾಣಿ ಪಟ್ಟಣದಲ್ಲಿ ಉತ್ತರವಿದೆ. ರಾಣಾಘಾಟದ ನಾಗರಿಕರೊಬ್ಬರು 'ಡಿಜಿಟಲ್ ಅರೆಸ್ಟ್' ಬಲೆಗೆ ಬಿದ್ದು ಸುಮಾರು ಒಂದು ಕೋಟಿ ರೂಪಾಯಿ ಕಳೆದುಕೊಂಡು, 2024ರಲ್ಲಿ ಅಲ್ಲಿನ ಸೈಬರ್ ಠಾಣೆಗೆ ದೂರು ಕೊಟ್ಟರು. ಆರೋಪಿಗಳನ್ನು ಬೇರೆ ರಾಜ್ಯಗಳಿಂದ ಹಿಡಿದು ತರಲಾಯಿತು. 2025ರ ಜುಲೈನಲ್ಲಿ ಕಲ್ಯಾಣಿ ನ್ಯಾಯಾಲಯವು ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ತನಿಖೆ ಮೊದಲಾದದ್ದು ಮೋಸಹೋದವರು ನಾಚಿಕೆ ಬಿಟ್ಟು ಠಾಣೆಯ ಮೆಟ್ಟಿಲೇರಿದ್ದರಿಂದ.

ಮನೆಯಲ್ಲಿ ಹಿರಿಯರೊಬ್ಬರು ಹೀಗೆ ಹಣ ಕಳೆದುಕೊಂಡು ಬಂದರೆ, ಅವರನ್ನು ಬಯ್ಯುವುದಕ್ಕೆ ಮುಂಚೆ ಅವರ ಪರವಾಗಿ 1930ಕ್ಕೆ ಕರೆಮಾಡುವುದು ಕಿರಿಯರ ಕರ್ತವ್ಯ. ಆ ಸಂಖ್ಯೆಯನ್ನು ಇಂದೇ ಪ್ರತಿಯೊಬ್ಬರ ಫೋನಿನಲ್ಲಿಯೂ ಬರೆದಿಡುವುದು ಒಳಿತು.